ಕ್ಯಾನ್, ಕುಡ್, ಮೇ, ಮೈಟ್ ಮತ್ತು ಒಂದು ಆಳೆತ್ತರದ ಕನ್ನಡಿ

ಹೆಂಡತಿಯನ್ನು ವ್ಯಾಕರಣದಿಂದಲೇ ಗೆದ್ದು ಮನೆಗೆ ತರುತ್ತೇನೆಂದು ಗಾಜಿನ ಮೇಸ್ತ್ರಿ ಪ್ರತಿಜ್ಞೆ ಮಾಡಿದ್ದು ಒಂದು ಭಾನುವಾರ ಬೆಳಿಗ್ಗೆ, ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು. ಲೋಕದ ಘೋರ ಪ್ರತಿಜ್ಞೆಗಳೆಲ್ಲ ತುಂಬಿದ ಸಭೆಯಲ್ಲಿ ನಡೆದಿವೆಯಂತೆ. ಇದು ಬಚ್ಚಲಲ್ಲಿ ನಡೆಯಿತು. ಸಾಕ್ಷಿಗಿದ್ದದ್ದು ಸೋರುವ ಒಂದು ನಲ್ಲಿ, ಅದೂ ಒಲ್ಲದ ಮನಸ್ಸಿನಿಂದ ತೊಟ್ಟಿಕ್ಕುತ್ತಿತ್ತು.

ಏನು ಮಹಾ! ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್, ಮಸ್ಟ್. ಬಾಲವಿಲ್ಲದ, ಕೊಂಬಿಲ್ಲದ ಪುಟಗೋಸಿ ಪದಗಳು. ಬೆರಳು ದಪ್ಪದ ಗಾಜನ್ನು ಒಂದೇ ಗೀರಿಗೆ ಎರಡು ಮಾಡುವ ಕೈಗೆ ಇವು ಯಾವ ಲೆಕ್ಕ? ತಿಂಗಳ ಕೊನೆಯೊಳಗೆ ಅಷ್ಟನ್ನೂ ಹೆಡೆಮುರಿ ಕಟ್ಟಿ ತಂದು ನಾಲಿಗೆಯ ಮೇಲೆ ಸಾಲಾಗಿ ನಿಲ್ಲಿಸುತ್ತೇನೆ ಎಂದು ನಲ್ಲಿಗೆ ತಿಳಿಸಿ ಅವನು ಬಾಯಿ ಮುಕ್ಕಳಿಸಿದ.

ತಿಂಗಳ ಕೊನೆ ಯಾಕೆಂದರೆ, ಆ ಕೊನೆಯ ಭಾನುವಾರ ಹೆಂಡತಿ ಬರುವವಳಿದ್ದಳು. ಇರಲಿಕ್ಕಲ್ಲ, ತನ್ನ ಆಳೆತ್ತರದ ಕನ್ನಡಿ ಒಯ್ಯಲಿಕ್ಕೆ.

ಆಕೆ ಇಂಗ್ಲಿಷ್ ಟೀಚರ್. ಶಾಲೆ ಊರಿನ ಆ ತುದಿಯಲ್ಲಿ. ಶಾಲೆಯ ಪಕ್ಕದಲ್ಲೇ ಒಂದು ಕೋಣೆ ಹಿಡಿದು ಹೋಗಿ ಕೆಲವು ತಿಂಗಳಾಗಿತ್ತು. ಬಸ್ಸಿನಲ್ಲಿ ಓಡಾಡಿ ಸೊಂಟ ಬಿದ್ದುಹೋಯಿತು ಎಂಬುದು ನೆಂಟರಿಷ್ಟರಿಗೆ ಹೇಳಿದ ಕಾರಣ. ಮೇಸ್ತ್ರಿಯೂ ಅದನ್ನೇ ನಂಬಿಕೊಂಡಿದ್ದ, ಏಕೆಂದರೆ ನಂಬುವುದರಲ್ಲಿ ಅನುಕೂಲವಿತ್ತು. ಆದರೆ ಹೊರಡುವುದಕ್ಕೆ ಸ್ವಲ್ಪ ಮುಂಚೆ ನಡೆದ ಒಂದು ಸಂಗತಿ ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತ್ತು. ಸ್ನಾನ ಮುಗಿಸಿದವನು ಬಚ್ಚಲ ಬಾಗಿಲ ಸಂದಿಯಿಂದ ಒದ್ದೆ ಕೈ ಹೊರಗೆ ಚಾಚಿ "ಟವೆಲ್" ಎಂದಿದ್ದ. ಹಿಂದಿಲ್ಲ, ಮುಂದಿಲ್ಲ. ಆಕೆ ಟವೆಲ್ ತಂದಳು, ಕೈಗೆ ಕೊಡಲಿಲ್ಲ.

"ಬರೀ ನಾಮಪದಾನಾ?" ಎಂದಳು. "ಒಂದು ಕ್ರಿಯಾಪದ ಖರ್ಚು ಮಾಡೋವಷ್ಟೂ ನಾನು ಬಾಳಲ್ವಾ?"

ಮೇಸ್ತ್ರಿ ಸ್ವಲ್ಪ ಯೋಚಿಸಿ "ಕೊಡು" ಎಂದ. ಅವನ ಪ್ರಕಾರ ಅದು ರಾಜಿ!

ಹೋಗುವ ದಿನ ಚಪ್ಪಲಿ ಮೆಟ್ಟುತ್ತಾ ಆಕೆ ಇನ್ನೊಂದು ಮಾತು ಹೇಳಿದಳು. ದನಿ ಏರಿಸಲಿಲ್ಲ. "ನಮ್ಮ ಸ್ಕೂಲಲ್ಲಿ ಇಷ್ಟಿಷ್ಟುದ್ದದ ಮಕ್ಕಳೂ ನೀರು ಕುಡಿಯೋಕೆ ಹೋಗಬಹುದಾ ಮಿಸ್ ಅಂತ ಕೇಳ್ತವೆ. ಇಷ್ಟು ವರ್ಷದಲ್ಲಿ ನೀವು ನನ್ನ ಏನಾದ್ರೂ ಕೇಳಿದ್ದೀರಾ?"

ಬೇರೆ ಯಾರಾದರೂ ಆಗಿದ್ದರೆ ಇದರಲ್ಲಿ ನೋವು ಕಾಣುತ್ತಿದ್ದರು. ಮೇಸ್ತ್ರಿಗೆ ಪಠ್ಯಕ್ರಮ ಕಂಡಿತು. ಮಕ್ಕಳು ಕೇಳುತ್ತವೆ, ಯಾಕೆಂದರೆ ಅವಕ್ಕೆ ಇವಳೇ ಆ ಪಾಠ ಮಾಡಿದ್ದಾಳೆ. ನನಗೆ ಯಾರು ಮಾಡಿದರು? ನಾನು ಓದು ಬಿಟ್ಟದ್ದು ವಾಕ್ಯಗಳು ಶುರುವಾಗುವ ಮೊದಲೇ. ಸರಿ, ಆ ಪಾಠವನ್ನೇ ಕಲಿತು, ಅವಳದೇ ಭಾಷೆಯಲ್ಲಿ, ಅವಳದೇ ಪದಗಳಲ್ಲಿ ಕೇಳಿಬಿಡುತ್ತೇನೆ. ಟೀಚರ್ ಆದವಳು ಸರಿಯುತ್ತರಕ್ಕೆ ಮಾರ್ಕು ಕೊಡಲೇಬೇಕಲ್ಲ!

ಮೇಸ್ತ್ರಿಯ ಪರವಾಗಿಯೂ ಒಂದಿಷ್ಟು ಹೇಳುವುದು ನ್ಯಾಯ. ಗಾಜಿನ ಕೆಲಸದಲ್ಲಿ ಕೇಳುವ ಪದ್ಧತಿಯೇ ಇಲ್ಲ. ಬಾಗಿಲಗಲದ ಹಾಳೆಯನ್ನು ಇಬ್ಬರು ಹೊರುತ್ತಾರೆ. ಮುಂದಿನವನು ಹೇಳುತ್ತಾನೆ, ಹಿಂದಿನವನು ಮಾಡುತ್ತಾನೆ. ಹಿಡಿ. ಎತ್ತು. ನಡಿ. ನಿಲ್ಲು. ಇಳಿಸು. ಒಂದು ಸಲಕ್ಕೆ ಒಂದೇ ಪದ. ಅದಕ್ಕಿಂತ ಉದ್ದ ಮಾತಾಡಿದವನ ಬೆರಳು ಸಂಜೆ ಅವನ ಜೊತೆ ಮನೆಗೆ ಹೋಗುವುದಿಲ್ಲ. ಯಾರದೋ ವಾಕ್ಯ ಮುಗಿಯಲಿ ಅಂತ ಕಾಯುವ ಸ್ವಭಾವ ಗಾಜಿಗಿಲ್ಲ. ವರ್ಷಾನುಗಟ್ಟಲೆ ಹೀಗೆ ಕೂಗಿದ ಮನುಷ್ಯ ಸಂಜೆ ಕೈಗವಸುಗಳನ್ನು ಮೊಳೆಗೆ ತಗುಲಿಸಿ ಬರುತ್ತಿದ್ದ, ನಾಲಿಗೆಯನ್ನು ತಗುಲಿಸಿ ಬರುವುದು ಮರೆಯುತ್ತಿದ್ದ.

ಆದರೆ ನೆಪ ನೆಪವೇ. ಇದೇ ಮೇಸ್ತ್ರಿ ಬ್ಯಾಂಕಿನ ಕೌಂಟರಿನಲ್ಲಿ ಸೊಂಟ ಬಗ್ಗಿಸಿ, ಸ್ವಲ್ಪ ನೋಡ್ತೀರಾ ಸಾರ್, ಒಂದು ಸೀಲು ಹಾಕಿಕೊಡಬಹುದಾ ಸಾರ್ ಎಂದು ಬೆಣ್ಣೆಯಂತೆ ಕರಗುತ್ತಿದ್ದ. ಕೇಳುವ ಭಾಷೆ ಅವನಿಗೆ ಬರುತ್ತಿರಲಿಲ್ಲ ಎನ್ನುವುದು ಶುದ್ಧ ಸುಳ್ಳು. ಗಂಡಸರ ನಾಲಿಗೆಗೆ ಎರಡು ಜೇಬು. ಮೇಲಿನ ಜೇಬಿನಲ್ಲಿ ಮಡಿಕೆ ಹಾಕಿಟ್ಟ ವಿನಯ, ಅದು ಸಾಹೇಬರಿಗೆ, ಡಾಕ್ಟರಿಗೆ, ಗುರುತಿಲ್ಲದ ಹೆಂಗಸರಿಗೆ. ಕೆಳಗಿನ ಜೇಬಿನಲ್ಲಿ ಚಿಲ್ಲರೆ ಆಜ್ಞೆಗಳು, ಅವು ಮನೆಯವರಿಗೆ. ಹೊಸಿಲೊಳಗೆ "ಕೊಡ್ತೀಯಾ" ಅಂದರೆ ಮೀಸೆ ಉದುರಿ ಬೀಳುತ್ತದೆ ಎಂದು ಯಾರು ಹೆದರಿಸಿಟ್ಟಿದ್ದಾರೋ! ಅದಕ್ಕೇ ನೋಡಿ, ಮನೆಯಲ್ಲಿ ತಪ್ಪೊಪ್ಪಬೇಕಾದರೆ ಸಾರಿ ಬೇಕು, ಋಣ ಒಪ್ಪಬೇಕಾದರೆ ಥ್ಯಾಂಕ್ಸ್ ಬೇಕು. ಸ್ವಂತ ಭಾಷೆಯಲ್ಲಿ ಹೇಳಿದರೆ ನಿಜವಾಗಿಬಿಡುತ್ತದಲ್ಲ, ಅದರ ಭಯ.

ಇರಲಿ. ಫುಟ್‌ಪಾತಿನ ಹಳೆ ಪುಸ್ತಕದ ರಾಶಿಯಿಂದ ರಕ್ಷಾಪುಟವಿಲ್ಲದ ಒಂದು ವ್ಯಾಕರಣ ಮನೆಗೆ ಬಂತು. ಸಂಜೆ ಅಡುಗೆಮನೆಯ ಮೇಜಿನ ಮೇಲೆ ಒಂದು ತಟ್ಟೆ, ಒಂದು ಲೋಟ, ಒಂದು ಬೇಯಿಸಿದ ಮೊಟ್ಟೆ, ಪಕ್ಕದಲ್ಲಿ ಪುಸ್ತಕ. ಎದುರಿನ ಕುರ್ಚಿಯ ಮೇಲೆ ಹಳೆ ಪೇಪರುಗಳು ಕೂತಿದ್ದವು. ಮೊದಲಿನ ದಿನಗಳಲ್ಲಿ ಅವನು ಬಾಗಿಲು ತೆರೆದು ಒಳಗೆ ಬರುತ್ತಲೇ ಅಭ್ಯಾಸಬಲದಿಂದ "ಲೈಟ್" ಎನ್ನುತ್ತಿದ್ದ. ಮುಂಚೆ ಹಾಗಂದರೆ ದೀಪ ಹೊತ್ತಿಕೊಳ್ಳುತ್ತಿತ್ತು. ಈಗ ಕತ್ತಲೆಯಲ್ಲಿ ತುಸು ಹೊತ್ತು ಕಾದು, ತಾನೇ ಗೋಡೆ ತಡವಬೇಕಾಗುತ್ತಿತ್ತು. ಆ ಮನೆಯಲ್ಲಿ ಸ್ವಿಚ್ಚು ಎಲ್ಲಿದೆ ಎಂದು ಅವನಿಗೆ ಗೊತ್ತಾದದ್ದೇ ಆಗ.

ಕ್ಯಾನ್ ಕೂಡಲೇ ಮನಸ್ಸಿಗೆ ಹಿಡಿಸಿತು. ತಾಕತ್ತಿನ ಪದ. ಐ ಕ್ಯಾನ್ ಕಟ್, ಐ ಕ್ಯಾನ್ ಲಿಫ್ಟ್. ಮಸ್ಟ್ ಅಂತೂ ಒಡಹುಟ್ಟಿದ ಅಣ್ಣನೇ. ಯೂ ಮಸ್ಟ್ ಎಂದು ಬಾಯಲ್ಲಿಟ್ಟುಕೊಂಡರೆ ಸಾಕು, ಎದೆ ತಾನಾಗಿ ಉಬ್ಬುತ್ತಿತ್ತು. ಇದನ್ನು ಮಾತ್ರ ಹುಟ್ಟುತ್ತಲೇ ಕಲಿತು ಬಂದಿದ್ದೇನೆ ಅನ್ನಿಸಿ ಅವನು ಆ ಪುಟವನ್ನು ಓದದೆ ಮಗುಚಿದ. ಶುಡ್ ಎನ್ನುವುದು ಸೋದರತ್ತೆ, ಕೈಯಲ್ಲಿ ಕೋಲಿಲ್ಲ, ಆದರೆ ಬುದ್ಧಿ ಹೇಳದೆ ಎದ್ದುಹೋಗುವುದಿಲ್ಲ. ಶಲ್ ಯಾವುದೋ ಕಾಲದ ಕೋಟು ತೊಟ್ಟ ಮುದುಕ, ಪುಸ್ತಕವೇ ಅವನಿಗೆ ದೂರದಿಂದ ಕೈಮುಗಿದು ಮುಂದೆ ಹೋಗಿತ್ತು. ಮೈಟ್ ಬರುತ್ತೇನೆಂದೂ ಹೇಳುವುದಿಲ್ಲ, ಬರುವುದಿಲ್ಲವೆಂದೂ ಹೇಳುವುದಿಲ್ಲ. ಮಳೆಯ ಮುನ್ಸೂಚನೆ ಓದುವವರಿಗೂ ಮದುವೆಗೆ ಕರೆಸಿಕೊಂಡ ನೆಂಟರಿಗೂ ಅಂತಲೇ ಮಾಡಿಸಿದ ಪದ.

ಸತಾಯಿಸಿದ್ದು ಕುಡ್ ಮತ್ತು ವುಡ್. ಎರಡೂ ಭೂತಕಾಲದ ಬಟ್ಟೆ ಹಾಕಿಕೊಂಡು ಬಂದು ವರ್ತಮಾನದ ಬಾಗಿಲು ತಟ್ಟುತ್ತವೆ. ಕುಡ್ ಯೂ ಓಪನ್ ದ ಡೋರ್ ಎಂದರೆ ನಿನ್ನೆ ಬಾಗಿಲು ತೆಗೆಯಲಾಯಿತೇ ಎಂಬ ವಿಚಾರಣೆಯಲ್ಲವಂತೆ, ಈಗ ತೆಗೆಯುತ್ತೀರಾ ಎಂಬ ಕೋರಿಕೆಯಂತೆ! ಇದೆಂಥ ಮೋಸ ಎಂದು ಮೇಸ್ತ್ರಿ ಮೊಟ್ಟೆ ಬಿಟ್ಟು ಪುಸ್ತಕಕ್ಕೆ ಮುಖ ಹಾಕಿದ. ಪುಸ್ತಕ ಸಮಾಧಾನವಾಗಿ ವಿವರಿಸಿತ್ತು: ಕೇಳುವವನು ಕಾಲದಲ್ಲಿ ಒಂದು ಹೆಜ್ಜೆ ಹಿಂದಕ್ಕೆ ಸರಿದು ನಿಲ್ಲುತ್ತಾನೆ, ಎದುರಿನವರಿಗೆ ಜಾಗ ಬಿಡುತ್ತಾನೆ, ಅದೇ ವಿನಯ. ಮೇಸ್ತ್ರಿ ಕುರ್ಚಿಯಿಂದ ಎದ್ದು ನಿಜವಾಗಿಯೂ ಒಂದು ಹೆಜ್ಜೆ ಹಿಂದಕ್ಕೆ ಸರಿದು ನೋಡಿದ. ಬೆನ್ನು ಗೋಡೆಗೆ ತಾಗಿತು. ಅಡುಗೆಮನೆ ಚಿಕ್ಕದು.

ಅಭ್ಯಾಸಕ್ಕೆ ಜನ ಬೇಕಲ್ಲ? ಬಾಗಿಲ ಹಿಂದೆ ಆಕೆ ಬಿಟ್ಟುಹೋಗಿದ್ದ ರೇನ್‌ಕೋಟ್ ನೇತಾಡುತ್ತಿತ್ತು. ಮೇಸ್ತ್ರಿ ಅದರ ಮುಂದೆ ನಿಂತು, ಮೇ ಐ ಕಮ್ ಇನ್, ಕುಡ್ ಯೂ ಹೆಲ್ಪ್ ಮಿ ಎಂದು ಶುರು ಮಾಡಿದ. ಫ್ಯಾನಿನ ಗಾಳಿಗೆ ರೇನ್‌ಕೋಟ್ ಸ್ವಲ್ಪ ತೊನೆದು, ಯೋಚಿಸಿ ಹೇಳುತ್ತೇನೆ ಎಂಬಂತೆ ತೋಳು ಆಡಿಸುತ್ತಿತ್ತು. ಕೆಟಲ್ಲಿಗೆ, ನಾನು ನಿನ್ನನ್ನು ಹಚ್ಚಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿ ಹಚ್ಚಿದ. ನಲ್ಲಿಗೆ, ದಯವಿಟ್ಟು ಸೋರುವುದನ್ನು ನಿಲ್ಲಿಸುವಿರಾ ಎಂದ, ಅದು ನಿಲ್ಲಿಸಲಿಲ್ಲ. ಕೆಳಮನೆಯಲ್ಲಿ ಒಬ್ಬರೇ ಇರುವ ನಿವೃತ್ತ ಬಸ್ ಕಂಡಕ್ಟರ್ ಒಂದು ದಿನ ಮೆಟ್ಟಿಲಲ್ಲಿ ತಡೆದು, ಮೇಲೆ ಮಾತು ಕೇಳಿಸುತ್ತಿದೆ, ಟೀಚರಮ್ಮ ಬಂದರಾ ಎಂದು ವಿಚಾರಿಸಿದರು. ಮೈಟ್‌ನ ಪಾಠ ಹೊಸದಾಗಿ ಆಗಿತ್ತು. ಬರಬಹುದು ಎಂದ ಮೇಸ್ತ್ರಿ. ಕಂಡಕ್ಟರ್ ಅವನ ಮುಖವನ್ನೇ ನೋಡಿ, ಕೈಯಲ್ಲಿದ್ದ ಬ್ರೆಡ್ಡಿನ ಪೊಟ್ಟಣದಿಂದ ನಾಲ್ಕು ಹೋಳು ತೆಗೆದುಕೊಟ್ಟು ಬಾಗಿಲು ಹಾಕಿಕೊಂಡರು. ಕರುಣೆಯೂ ಒಂದೊಂದು ಸಲ ಹೀಗೆ ಕಪಾಳಕ್ಕೆ ಹೊಡೆಯುತ್ತದೆ.

ಮನೆಯ ಸಾಮಾನುಗಳ ಮೇಲೆ ಪ್ರಯೋಗ ಯಶಸ್ವಿಯಾದ ಬಳಿಕ ಮೇಸ್ತ್ರಿ ವಿದ್ಯೆಯನ್ನು ಕಾರ್ಖಾನೆಗೆ ಒಯ್ದ. ವಿನಾಶಕಾಲ!

ಅವತ್ತು ಒಂದು ಕ್ಷೌರದಂಗಡಿಯ ಗೋಡೆಗೆ ಹೋಗಬೇಕಾದ ದೊಡ್ಡ ಹಾಳೆ ಸ್ಟ್ಯಾಂಡಿನಿಂದ ಇಳಿಯಬೇಕಿತ್ತು. ಹಿಂದೆ ಹಿಡಿಯಲು ಎಂದಿನಂತೆ ಜೊತೆಗಾರ ಕುಳ್ಳ. ಇಬ್ಬರೂ ಒಟ್ಟಿಗೆ ಹೊತ್ತ ಗಾಜಿನಲ್ಲಿ ಅರ್ಧ ಊರಿನ ಕಿಟಕಿಗಳು ಮುಚ್ಚಿಕೊಂಡಿವೆ. ಎಷ್ಟೋ ವರ್ಷಗಳಿಂದ ಐದು ಪದಗಳಲ್ಲೇ ಮಾತಾಡಿಕೊಂಡು ಬಂದ ಸ್ನೇಹ ಅದು. ಮೇಸ್ತ್ರಿ ಅಂಚಿಗೆ ಕೈ ಕೊಟ್ಟು, ಗಂಟಲು ಸರಿಮಾಡಿಕೊಂಡು, ಕುಡ್ ಯೂ ಪ್ಲೀಸ್ ಎಂದು ಆರಂಭಿಸಿದ. ಕುಳ್ಳ ಕಣ್ಣು ಪಿಳುಕಿಸಿದ. ಕುಡ್ ಯೂ ಪ್ಲೀಸ್ ಲಿಫ್ಟ್ ಯುವರ್ ಸೈಡ್ ಎಂದು ಮೇಸ್ತ್ರಿ ವಾಕ್ಯಕ್ಕೆ ಮಂಗಳ ಹಾಡಿ, ತನ್ನ ಕಡೆ ಎತ್ತಿಯೇಬಿಟ್ಟ. ಕುಳ್ಳನಿಗೆ ಅಷ್ಟು ಇಂಗ್ಲಿಷ್ ಅರ್ಥವಾಗಿತ್ತು. ಆದರೆ ಪ್ರಶ್ನೆಯ ರಾಗದಲ್ಲಿ ಬಂದದ್ದರಿಂದ ಇನ್ನೂ ಮಾತುಕತೆ ನಡೆಯುತ್ತಿದೆ, ತೀರ್ಮಾನ ಆಗಿಲ್ಲ ಅಂದುಕೊಂಡು ಕೈ ಕಟ್ಟಿ ನಿಂತೇ ಇದ್ದ.

ಹಾಳೆ ನೆಲಕ್ಕೆ ಬಿದ್ದು ಪುಡಿಪುಡಿಯಾಯಿತು. ಕಾರ್ಖಾನೆಯ ಯಜಮಾನಿ ಕನ್ನಡಕ ಹಣೆಗೇರಿಸಿಕೊಂಡು ಆಫೀಸಿನಿಂದ ಹೊರಗೆ ಬಂದರು.

"ಯಾರು ಬೀಳಿಸಿದ್ದು?"

"ನಾನು ಬೀಳಿಸಿರಬಹುದು" ಎಂದ ಮೇಸ್ತ್ರಿ. ಒಂದು ಸಲ ಸವಿ ಹತ್ತಿದ ವ್ಯಾಕರಣ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

"ಬೀಳಿಸಿರಬಹುದಾ? ನಿಮ್ಮಿಬ್ಬರನ್ನ ಬಿಟ್ಟು ಇಲ್ಲಿ ಇನ್ಯಾರು ಇದ್ರು?"

ಕುಳ್ಳನಿಗೆ ಅವತ್ತು ಬೇರೆ ಜೋಡಿ ಸಿಕ್ಕಿತು. ಮೇಸ್ತ್ರಿಗೆ ಹಿತ್ತಿಲ ಶೆಡ್ಡಿನಲ್ಲಿ ಅಂಚು ಅರೆಯುವ ಯಂತ್ರ ಸಿಕ್ಕಿತು. ಒಬ್ಬನೇ ನಿಂತು, ನೀರು ಹಾಯಿಸುತ್ತಾ, ಗಾಜಿನ ಚೂಪು ತೆಗೆಯುವ ಕೆಲಸ. ಆ ಯಂತ್ರದ ಗದ್ದಲದಲ್ಲಿ ಆಜ್ಞೆಯೂ ಕೇಳಿಸುವುದಿಲ್ಲ, ಕೋರಿಕೆಯೂ ಕೇಳಿಸುವುದಿಲ್ಲ. ಊಟದ ಬಿಡುವಿನಲ್ಲಿ ಕುಳ್ಳ ಬಂದು ಪಕ್ಕದಲ್ಲಿ ಕೂತು, ನಿಮಗೆ ಹುಷಾರಿಲ್ವಾ ಅಂತ ಕೇಳಿದ. ಹುಷಾರಿದ್ದೇನೆ, ಮನೆಗೆ ಕರೆಯುವುದನ್ನು ಕಲಿಯುತ್ತಿದ್ದೇನೆ ಎಂದು ಮೇಸ್ತ್ರಿ ಹೇಳಿದ. ಬಿಡುವು ಮುಗಿದು ಯಂತ್ರ ಆಗಲೇ ಮತ್ತೆ ಶುರುವಾಗಿತ್ತು. ಕುಳ್ಳ ತಲೆಯಾಡಿಸಿ ಎದ್ದುಹೋದ.

ಕೊನೆಗೂ ಆ ಭಾನುವಾರ ಬಂತು. ಮೇಸ್ತ್ರಿ ನೆಲ ಒರೆಸಿದ. ಎದುರಿನ ಕುರ್ಚಿಯ ಪೇಪರುಗಳನ್ನು ಮಂಚದಡಿಗೆ ತಳ್ಳಿದ. ಕೇಳಬೇಕಾದ ವಾಕ್ಯ ಒಂದೇ, ಅದನ್ನು ರೇನ್‌ಕೋಟಿನ ಮುಂದೆ ನಿಂತು ಮತ್ತೆ ಮತ್ತೆ ಹೇಳಿಕೊಂಡ: ವುಡ್ ಯೂ ಕಮ್ ಹೋಮ್? ಕನ್ನಡಿ ಆ ಕೋಣೆಯ ಗೋಡೆಗೆ ಒರಗಿತು ಅಂದರೆ ಆಕೆ ಅಲ್ಲಿ ಬೇರು ಬಿಟ್ಟಳು ಅಂತಲೇ ಲೆಕ್ಕ. ಅದು ಮನೆಯ ಹೊಸಿಲು ದಾಟುವುದರೊಳಗೆ ಕೇಳಿಬಿಡಬೇಕು. ಮತ್ತು ಇವತ್ತು ಇಡೀ ದಿನ ಬಾಯಿಂದ ಒಂದೇ ಒಂದು ಆಜ್ಞೆ ಹೊರಡಕೂಡದು. ಹೊರಟರೆ ನಾಲಿಗೆಯನ್ನೇ ಅರೆಯುವ ಯಂತ್ರಕ್ಕೆ ಕೊಡುವುದು!

ಆಕೆ ಬಂದಳು. ಕಾಲೊರೆಸಿಗೆ ಚೆನ್ನಾಗಿ ಕಾಲೊರೆಸಿ, ಬೇರೆಯವರ ಮನೆಗೆ ಬಂದವರ ಹಾಗೆ ಬಾಗಿಲ ಹತ್ತಿರವೇ ನಿಂತಳು. ಅದನ್ನು ನೋಡಿಯೇ ಮೇಸ್ತ್ರಿಯ ಅರ್ಧ ವ್ಯಾಕರಣ ಉದುರಿತು. ಉಳಿದರ್ಧವನ್ನು ಒಟ್ಟುಮಾಡಿಕೊಂಡು, ವುಡ್ ಯೂ ಲೈಕ್ ಸಮ್ ಟೀ ಎಂದ. ಆಕೆ ಹಿಂದಕ್ಕೆ ತಿರುಗಿ ಯಾರಾದರೂ ಬಂದಿದ್ದಾರಾ ಎಂದು ನೋಡಿದಳು. ಆಮೇಲೆ, ವ್ಯಾನಿನವನು ಕಾಯುತ್ತಿದ್ದಾನೆ, ಮೊದಲು ಕೆಲಸ ಮುಗಿಯಲಿ ಎಂದಳು. ವ್ಯಾನಿನವನು ಕೆಳಗೆ ಸೀಟಿನಲ್ಲೇ ಕೂತು, ತನ್ನದು ಓಡಿಸುವ ಕೆಲಸ ಮಾತ್ರ, ಹೊರುವುದು ಬಾಡಿಗೆಯಲ್ಲಿ ಸೇರಿಲ್ಲ ಎಂದು ಮೊದಲೇ ಘೋಷಿಸಿದ್ದ. ಹೀಗಾಗಿ ಗಂಡ ಹೆಂಡತಿಯೇ ಹೊರಬೇಕಾಯಿತು.

ಅದು ಮದುವೆಯ ಹೊಸತರಲ್ಲಿ ಮೇಸ್ತ್ರಿ ತಾನೇ ಕತ್ತರಿಸಿ, ಅಂಚು ಅರೆದು, ಹಿಂದೆ ಪ್ಲೈವುಡ್ ಬಡಿದು, ಮರದ ಚೌಕಟ್ಟು ಹಾಕಿ ಕೊಟ್ಟ ಕನ್ನಡಿ. ಕೊಡುವಾಗ "ತಗೋ" ಎಂದಿದ್ದ. ತನ್ನ ಜೀವಮಾನದ ಏಕೈಕ ಪ್ರೇಮಗೀತೆ ಅದೇ ಎಂದು ಅವನು ಇವತ್ತಿಗೂ ತಿಳಿದಿದ್ದ.

ಭಾರ ಕೆಳಗೆ ಬೀಳುವುದರಿಂದ ಮೇಸ್ತ್ರಿ ಕೆಳತುದಿ ಹಿಡಿದು ಹಿಮ್ಮುಖವಾಗಿ ಇಳಿಯತೊಡಗಿದ. ಆಕೆ ಮೇಲ್ತುದಿ. ಹೊಸಿಲು ದಾಟಿದ್ದೂ ಆಯಿತು, ಕೇಳಬೇಕಾದದ್ದು ಬಾಯಲ್ಲೇ ಉಳಿಯಿತು. ಮೊದಲ ತಿರುವಿನಲ್ಲಿ ಮೇಲೊಂದು ಬಲ್ಬು ತೂಗುತ್ತಿತ್ತು. ಕಾರ್ಖಾನೆಯಾಗಿದ್ದರೆ "ತಗ್ಗಿಸು" ಎಂದರೆ ಸಾಕಿತ್ತು. ಮೇಸ್ತ್ರಿ, ವುಡ್ ಯೂ ಮೈಂಡ್ ಲೋವರಿಂಗ್ ಯುವರ್ ಎಂಡ್ ಅ ಲಿಟಲ್ ಎಂದು ಹೊರಟ. ಅವನು ಮೈಂಡ್‌ಗೆ ಬರುವಷ್ಟರಲ್ಲಿ ಬಲ್ಬು ಚೂರುಚೂರಾಗಿ ಅವನ ತಲೆಯ ಮೇಲೆ ಬಂತು.

"ಮೇಲೋ ಕೆಳಗೋ ಅಷ್ಟು ಹೇಳಿ ಸಾಕು" ಎಂದಳು ಆಕೆ.

ಇಲ್ಲ! ಪ್ರತಿಜ್ಞೆ ಪ್ರತಿಜ್ಞೆಯೇ. ಮುಂದಿನ ಐದಾರು ಮೆಟ್ಟಿಲಲ್ಲಿ ಕುಡ್ ಯೂ ಪಾಸಿಬ್ಲಿ ಎಂಬ ದೀರ್ಘ ಪ್ರಾರ್ಥನೆಯೊಂದು ಗೋಡೆಯ ಗಿಲಾವನ್ನು ಉದ್ದಕ್ಕೂ ಕೆರೆದುಕೊಂಡು ಹೋಯಿತು. ಕಂಡಕ್ಟರ್ ಮೆಟ್ಟಿಲ ಕಟಕಟೆಯ ಮೇಲೆ ಸಾಕಿದ್ದ ಹೂಕುಂಡ, ಮೇ ಐ ಸಜೆಸ್ಟ್ ಎಂಬ ಸಲಹೆ ಪೂರ್ತಿಯಾಗುವ ಮುನ್ನ ಕೆಳಗಿನ ಅಂಗಳ ಸೇರಿತು. ಕೊನೆಗೆ ಕೆಳಮನೆಯ ಬಾಗಿಲಿರುವ ತಿರುವಿಗೆ ಬಂದಾಗ ವಿಲ್ ಯೂ, ಶಲ್ ವಿ ಎಂಬೆರಡು ಪ್ರಶ್ನೆಗಳ ನಡುವೆ ಕನ್ನಡಿ ಅಡ್ಡಡ್ಡಲಾಗಿ ತಿರುಗಿ, ಕಟಕಟೆಗೂ ಗೋಡೆಗೂ ಮಧ್ಯೆ ಕಚ್ಚಿಕೊಂಡು ನಿಂತಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

ಆಗ ಕಂಡಕ್ಟರ್ ಬಾಗಿಲು ತೆರೆದರು, ಮುಖದ ತುಂಬ ಶೇವಿಂಗ್ ಸೋಪು. ತಮ್ಮ ಬಾಗಿಲ ಎದುರಿಗೇ ಅಷ್ಟೇ ಸೋಪು ಬಳಿದುಕೊಂಡ ಇನ್ನೊಬ್ಬ ನಿಂತಿರುವುದನ್ನು ಕಂಡು, ಯಾರಯ್ಯಾ ನೀನು ಎಂದು ಗದರಿದರು. ಅದು ನೀವೇ ಎಂದು ಟೀಚರ್ ಸಮಾಧಾನವಾಗಿ ತಿಳಿಸಿದಳು. ಕಂಡಕ್ಟರ್ ಹತ್ತಿರ ಹೋಗಿ ನೋಡಿ, ಇಷ್ಟೊಂದು ಮುದುಕ ಆಗಿದ್ದೀನಾ ಎಂದರು. ಅವರ ಶೇವಿಂಗ್ ಕನ್ನಡಿ ಅಂಗೈಯಷ್ಟು. ಅದರಲ್ಲಿ ಒಂದು ಸಲಕ್ಕೆ ಒಂದು ಕೆನ್ನೆ ಮಾತ್ರ ಮುದಿಯಾಗುತ್ತಿತ್ತು.

ಮೇಲಿನ ಪಕ್ಕದಲ್ಲಿ ಅವರಿಬ್ಬರು, ಅವರ ಪ್ರತಿಬಿಂಬಗಳು ಸೇರಿ ನಾಲ್ವರು. ಕೆಳಗಿನ ಪಕ್ಕದಲ್ಲಿ ಮೇಸ್ತ್ರಿ ಒಬ್ಬನೇ, ಮೂಗಿನ ಮುಂದೆ ಪ್ಲೈವುಡ್. ತಾನೇ ಎಂದೋ ಬಡಿದ ಮೊಳೆಗಳು ತುಕ್ಕು ಹಿಡಿದಿದ್ದವು. ಹೆಂಡತಿಯ ಮುಖ ಕಾಣುತ್ತಿರಲಿಲ್ಲ. ಕಾಣದಿದ್ದದ್ದೇ ಧೈರ್ಯವಾಯಿತೋ ಏನೋ, ಅವನು ಹಲಗೆಗೆ ಬಾಯಿ ಹತ್ತಿರ ತಂದು, ಒಂದೊಂದೇ ಪದವನ್ನು ಗಾಜಿನಂತೆ ಜೋಪಾನವಾಗಿ ಇಳಿಸಿದ.

"ವುಡ್ ಯೂ ಕಮ್ ಹೋಮ್?"

ಆ ಕಡೆ ಕಂಡಕ್ಟರ್ ಉಸಿರು ಬಿಗಿಹಿಡಿದದ್ದು ಕೇಳಿಸಿತು.

"ವಾಕ್ಯ ಪೂರ್ತಿ ಸರಿಯಾಗಿದೆ" ಎಂದಳು ಆಕೆ. "ಒಂದು ತಪ್ಪೂ ಇಲ್ಲ. ಬರಲ್ಲ."

ಇಷ್ಟು ದಿನ ಕೇಳುವುದನ್ನು ಕಲಿತ ಮೇಸ್ತ್ರಿ, ಕೇಳಿದವನಿಗೆ ಹೀಗೂ ಒಂದು ಉತ್ತರ ಬರಬಹುದು ಎಂಬುದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆಜ್ಞೆಯಲ್ಲಿ ಆ ತೊಂದರೆಯೇ ಇರುವುದಿಲ್ಲವಲ್ಲ! "ಬಾ" ಎಂಬ ಒಂದಕ್ಷರ ಹೊಟ್ಟೆಯಿಂದ ಎದ್ದು, ಗಂಟಲು ಹತ್ತಿ, ಹಲ್ಲಿನ ತನಕ ಬಂತು. ಅವನು ಹಲ್ಲು ಕಚ್ಚಿ ಅದನ್ನು ನುಂಗಿದ. ನುಂಗುವಾಗ ನೋವಾಯಿತು.

"ಯಾಕೆ?" ಎಂದ. ಕನ್ನಡದಲ್ಲಿ. ತೀರ ಸಣ್ಣ ದನಿ.

"ಇಂಗ್ಲಿಷ್ ನನಗೆ ಕೆಲಸ ಕಣ್ರೀ. ದಿನವಿಡೀ ಮಕ್ಕಳು ಹೀಗೇ ಕೇಳ್ತಾರೆ, ನಾನು ಸರಿ ಹಾಕ್ತಾ ಇರ್ತೀನಿ. ಮನೇಲೂ ಅದನ್ನೇ ಮಾಡಬೇಕಾ?" ಎಂದಳು ಆಕೆ. "ಆ ಕೋಣೇಲಿ ಯಾರೂ ನನ್ನ ಕರೆಯಲ್ಲ. ಒಂದೊಂದು ಸಂಜೆ ಅದೂ ಬೇಜಾರಾಗುತ್ತೆ. ಆದ್ರೂ ಅಲ್ಲೇ ಇರ್ತೀನಿ."

ಮೇಸ್ತ್ರಿ ಪ್ಲೈವುಡ್ಡಿನ ಮೇಲೆ ಹಣೆಯಿಟ್ಟು ನಿಂತ. ಸರಿ ಎಂದ. ಅವನು ಆಕೆಗೆ ಸರಿ ಎಂದದ್ದು ಅದೇ ಮೊದಲಿರಬೇಕು, ಏಕೆಂದರೆ ಆ ಕಡೆಯಿಂದ ಏನೋ ಹೇಳಲು ಹೊರಟ ಉಸಿರೊಂದು ಅರ್ಧಕ್ಕೆ ನಿಂತಿತು.

"ತೀರ್ಮಾನ ಆಗಿದ್ರೆ ನಾನು ಹೊರಗೆ ಬರಬಹುದಾ?" ಎಂದರು ಕಂಡಕ್ಟರ್. "ಸೋಪು ಒಣಗ್ತಾ ಇದೆ. ಹೂಕುಂಡ ಬೇರೆ ನೋಡಬೇಕು."

ಆಮೇಲೆ ಕೆಲಸವನ್ನು ಟೀಚರ್ ಕೈಗೆ ತೆಗೆದುಕೊಂಡಳು. ನಿಲ್ಲಿ. ಎತ್ತಿ. ಎಡಕ್ಕೆ. ಇಳಿಸಿ. ಒಂದು ಸಲಕ್ಕೆ ಒಂದೇ ಪದ. ಕನ್ನಡಿ ಬೆಣ್ಣೆಯಿಂದ ತೆಗೆದ ಕೂದಲಿನಂತೆ ತಿರುವಿನಿಂದ ಬಿಡಿಸಿಕೊಂಡು, ಒಂದು ಗೀರೂ ಇಲ್ಲದೆ ಬೀದಿಗೆ ಇಳಿಯಿತು. ಎಷ್ಟು ಚೆನ್ನಾಗಿ ಹೇಳುತ್ತಾಳೆ ಎಂದು ಮೇಸ್ತ್ರಿಗೆ ಕೂಲಿಯವನ ಮೆಚ್ಚುಗೆ ಉಕ್ಕಿತು. ಹಾಗೆ ಹೇಳಿಸಿಕೊಳ್ಳುವುದು ಎಷ್ಟು ಭಾರ ಎಂಬುದು ಹೆಗಲಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ವ್ಯಾನಿನ ಹಿಂಭಾಗ ತೆರೆದಿತ್ತು. ಕನ್ನಡಿಯನ್ನು ನೇರ ನಿಲ್ಲಿಸಿ ಹಗ್ಗ ಕಟ್ಟಿದರು, ಮುಖ ಬೀದಿಯ ಕಡೆಗೆ. ಆಕೆ ಮುಂದಿನ ಸೀಟಿನಲ್ಲಿ ಕೂತಳು. ವ್ಯಾನ್ ಹೊರಟಾಗ, ಕೂದಲಲ್ಲಿ ಬಲ್ಬಿನ ಚೂರು, ಅಂಗಿಯ ತುಂಬ ಗಿಲಾವಿನ ಪುಡಿ ಮೆತ್ತಿಕೊಂಡ ಒಬ್ಬ ಗಂಡಸು ಆ ಕನ್ನಡಿಯಲ್ಲಿ ನಿಂತಿದ್ದ. ವ್ಯಾನ್ ದೂರವಾದ ಹಾಗೆಲ್ಲ ಅವನು ಚಿಕ್ಕವನಾಗುತ್ತಾ ಹೋದ. ಹೋಗುತ್ತಿದ್ದವಳು ಅವಳು, ಕಡಿಮೆಯಾಗುತ್ತಿದ್ದವನು ಇವನು!

ಬೀದಿಯ ತಿರುವಿನಲ್ಲಿ ವ್ಯಾನ್ ನಿಂತಿತು.

ಮನಸ್ಸು ಬದಲಾಯಿಸಿದಳು! ಮೇಸ್ತ್ರಿ ಚಪ್ಪಲಿಯಿಲ್ಲದ ಕಾಲಲ್ಲಿ ಓಡಿದ. ಕನ್ನಡಿಯೊಳಗಿನ ಮನುಷ್ಯನೂ ಎದುರಿನಿಂದ ಓಡುತ್ತಾ, ದೊಡ್ಡವನಾಗುತ್ತಾ, ಏದುಸಿರು ಬಿಡುತ್ತಾ ಬಂದ. ಆಕೆ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಹಗ್ಗ ಸಡಿಲ ಆಗಿದೆ ಅನ್ಸುತ್ತೆ. ಸ್ವಲ್ಪ ಬಿಗೀತೀರಾ?"

ಮೇಸ್ತ್ರಿ ಬಿಗಿದ. ಇನ್ನೊಂದು ಗಂಟು ಹಾಕಿದ. ಹಾಕಬೇಕಾದದ್ದಕ್ಕಿಂತ ನಿಧಾನವಾಗಿ ಹಾಕಿ, ಕಿಟಕಿಯ ಹತ್ತಿರ ಬಂದು, ಬಾಗಿಲಿಗೆ ಕೈ ತಾಗಿಸದೆ ಒಂದು ಹೆಜ್ಜೆ ದೂರದಲ್ಲೇ ನಿಂತ.

"ಇನ್ನೊಂದು ದಿನ," ಎಂದ, "ಇನ್ನೊಂದು ಸಲ ಕೇಳಬಹುದಾ?"

ಆಕೆ ಅವನ ಕೂದಲಲ್ಲಿದ್ದ ಗಾಜಿನ ಚೂರನ್ನು ನೋಡಿದಳು, ಕೈ ಚಾಚಲಿಲ್ಲ.

"ಕೇಳಬಹುದು. ನಾನು ಆಗಲೂ ಇಲ್ಲ ಅನ್ನಬಹುದು. ಅದನ್ನ ಅಭ್ಯಾಸ ಮಾಡ್ಕೊಳ್ಳಿ."